“ನೆಟ್ ಇಲ್ಲ ಸಾರ್” ಅಂದಾಗ ಎಲ್ಲಿಂದ ಶುರು ಮಾಡಬೇಕು: ಆಫೀಸ್ ನೆಟ್‌ವರ್ಕ್‌ನ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಹೊಸದಾಗಿ ಸಿಸ್ಟಂ ಅಡ್ಮಿನ್ ಕೆಲಸಕ್ಕೆ ಸೇರಿದವರು ಸಹಾಯಕ್ಕೆಂದು ಫೋನ್ ಮಾಡಿದಾಗ ಮಾತು ಹೆಚ್ಚೂಕಡಿಮೆ ಹೀಗೇ ಶುರುವಾಗುತ್ತದೆ: “ಸಾರ್, ರೂಟರ್ ರೀಸ್ಟಾರ್ಟ್ ಮಾಡಿದೆ, ಕೇಬಲ್ ಬದಲಿಸಿದೆ, ಡಿಎನ್‌ಎಸ್‌ಗೆ 8.8.8.8 ಹಾಕಿದೆ, ಫೈರ್‌ವಾಲ್ ಆಫ್ ಮಾಡಿ ನೋಡಿದೆ. ಆದ್ರೂ ಬರ್ತಿಲ್ಲ.” (ಡಿಎನ್‌ಎಸ್ ಎಂದರೆ ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವ ವ್ಯವಸ್ಥೆ; 8.8.8.8 ಅಂಥ ಹೊರಗಿನ ಒಂದು ಸರ್ವರ್.) ನಾಲ್ಕು ಬದಲಾವಣೆ ಆಗಿದೆ, ಪರೀಕ್ಷೆ ಒಂದೂ ಆಗಿಲ್ಲ. ಮೊದಲಿದ್ದ ದೋಷ ಇದ್ದಲ್ಲೇ ಇದೆ, ಅದರ ಮೇಲೆ ಹೊಸದು ಒಂದೋ ಎರಡೋ ಸೇರಿಕೊಂಡಿವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಇವರಿಗೆ ಕಮಾಂಡ್‌ಗಳು ಗೊತ್ತಿಲ್ಲ ಅಂತಲ್ಲ. ಯಾವುದನ್ನು ಯಾವಾಗ ಹೊಡೆಯಬೇಕು, ಬಂದ ಉತ್ತರದಿಂದ ಏನನ್ನು ಕೈಬಿಡಬಹುದು ಅನ್ನುವುದು ಗೊತ್ತಿಲ್ಲ. ಹಾಗಾಗಿ ಇಲ್ಲಿ ಮುಖ್ಯವಾದದ್ದು ಕ್ರಮ. ದೋಷ ಎಲ್ಲಿದೆ ಎಂದು ಗೊತ್ತಾಗುವವರೆಗೆ ಏನನ್ನೂ ಬದಲಿಸಬಾರದು.

ನನ್ನ ಕಣ್ಣ ಮುಂದಿರುವುದು ಐವತ್ತರಿಂದ ಇನ್ನೂರು ಕಂಪ್ಯೂಟರ್ ಇರುವ ಆಫೀಸೋ ಕಾಲೇಜೋ: ವಿಂಡೋಸ್ ಡೆಸ್ಕ್‌ಟಾಪ್‌ಗಳು, ಒಂದೆರಡು ಲಿನಕ್ಸ್ ಸರ್ವರ್, ಕೆಲವು ಸ್ವಿಚ್ (ಯಂತ್ರಗಳ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ), ಒಂದು ಫೈರ್‌ವಾಲ್ (ಒಳಗೆ-ಹೊರಗೆ ಹೋಗುವುದನ್ನು ಸೋಸುವ ಕಾವಲುಗಾರ), ಒಂದು ಫೈಬರ್ ಲೈನ್. ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳು ಬೇಕು ಅಂತ ಹೇಳಬೇಕಾಗಿಲ್ಲ.

ಮೊದಲೇ ಕೈಯಲ್ಲಿರಬೇಕಾದ ಸಾಮಾನು

ಈಥರ್ನೆಟ್ ಪೋರ್ಟ್ ಇರುವ ಲ್ಯಾಪ್‌ಟಾಪ್. ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್. ಸರಿಯಾಗಿದೆ ಎಂದು ನೀವೇ ಪರೀಕ್ಷಿಸಿದ ಎರಡು ಪ್ಯಾಚ್ ಕಾರ್ಡ್ (ಗಿಡ್ಡ ನೆಟ್‌ವರ್ಕ್ ಕೇಬಲ್); ಇವನ್ನು ಯಾರಿಗೂ ಸಾಲ ಕೊಡಬೇಡಿ, ವಾಪಸ್ ಬರುವುದಿಲ್ಲ. ಎಂಟು ದೀಪದ ಕೇಬಲ್ ಟೆಸ್ಟರ್, ಕ್ರಿಂಪಿಂಗ್ ಟೂಲ್, ಒಂದು ಹಿಡಿ ಆರ್‌ಜೆ45 ಕನೆಕ್ಟರ್, ಸ್ವಿಚ್‌ಗೆ ಹಾಕುವ ಕನ್ಸೋಲ್ ಕೇಬಲ್. ನೆಟ್ ಇಲ್ಲದಾಗ ನೆಟ್ ಬೇಕಾಗುತ್ತದೆ, ಆದ್ದರಿಂದ ಹಾಟ್‌ಸ್ಪಾಟ್ ಕೊಡುವ ಫೋನ್. ಸಾಫ್ಟ್‌ವೇರ್‌ಗಳಲ್ಲಿ ಪುಟ್ಟಿ (ಸ್ವಿಚ್, ಸರ್ವರ್‌ಗೆ ಲಾಗಿನ್ ಆಗಲು), ವೈರ್‌ಶಾರ್ಕ್ (ಪ್ಯಾಕೆಟ್ ಹಿಡಿದು ನೋಡಲು), ಎನ್‌ಮ್ಯಾಪ್ (ಯಾವ ಯಂತ್ರ, ಯಾವ ಪೋರ್ಟ್ ತೆರೆದಿದೆ ನೋಡಲು), ಎಂಟಿಆರ್ (ಹೊರಗಿನ ದಾರಿ ನೋಡಲು) ಸಾಕು. ಎನ್‌ಮ್ಯಾಪ್‌ನಿಂದ ಸ್ಕ್ಯಾನ್ ಮಾಡುವುದಕ್ಕೂ ಬೇರೆಯವರ ಪ್ಯಾಕೆಟ್ ಹಿಡಿಯುವುದಕ್ಕೂ ಮೇಲಿನವರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ.

ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ಪುಟದ ನಕ್ಷೆ. ಯಾವ ಮಹಡಿಗೆ ಯಾವ ಐಪಿ (ಯಂತ್ರದ ನೆಟ್‌ವರ್ಕ್ ವಿಳಾಸ) ಶ್ರೇಣಿ, ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಯಾವುದು, ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿ ಐಪಿ ಹಂಚುವ ಸೇವೆ) ಕೊಡುವುದು ಯಾವ ಯಂತ್ರ, ಯಾವ ಸ್ವಿಚ್‌ನ ಯಾವ ಪೋರ್ಟ್ ಎಲ್ಲಿಗೆ ಹೋಗುತ್ತದೆ. ಜೊತೆಗೆ, ಎಲ್ಲವೂ ಚೆನ್ನಾಗಿದ್ದ ದಿನ ತೆಗೆದ ಅಂಕಿಗಳು: ಗೇಟ್‌ವೇಗೆ ಪಿಂಗ್ (“ಇದ್ದೀಯಾ?” ಎಂದು ಕೇಳಿ ಉತ್ತರಕ್ಕೆ ಕಾಯುವ ಕಮಾಂಡ್) ಎಷ್ಟು ಮಿಲಿಸೆಕೆಂಡ್, ಹೊರಗಿನ 1.1.1.1ಕ್ಕೆ ಎಷ್ಟು, ಫೈಲ್ ಸರ್ವರ್‌ನಿಂದ ಒಂದು ಜಿಬಿ ಕಾಪಿ ಆಗಲು ಎಷ್ಟು ಹೊತ್ತು. ಇವು ಇಲ್ಲದಿದ್ದರೆ “ಸ್ಲೋ ಇದೆ” ಅನ್ನುವ ದೂರಿಗೆ ನಿಮ್ಮ ಹತ್ತಿರ ಉತ್ತರವೇ ಇರುವುದಿಲ್ಲ.

ಹಂತ 1: ದೂರನ್ನು ಪ್ರಶ್ನೆ ಮಾಡಿ

“ನೆಟ್ ಇಲ್ಲ” ಅನ್ನುವುದಕ್ಕೆ ಹತ್ತು ಅರ್ಥ. ಟ್ಯಾಲಿ ತೆರೆಯುತ್ತಿಲ್ಲ, ಪ್ರಿಂಟ್ ಬರುತ್ತಿಲ್ಲ, ಜಿಎಸ್‌ಟಿ ಪೋರ್ಟಲ್‌ಗೆ ಲಾಗಿನ್ ಆಗುತ್ತಿಲ್ಲ, ವೈಫೈ ಗುರುತಿನ ಮೇಲೆ ಹಳದಿ ತ್ರಿಕೋನ ಬಂದಿದೆ. ಎಲ್ಲಕ್ಕೂ ಜನ ಹೇಳುವುದು ಒಂದೇ ಮಾತು. ಕುರ್ಚಿಯಿಂದ ಏಳುವ ಮೊದಲು ನಾಲ್ಕು ಸಂಗತಿ ಕೇಳಿ: ಯಾವುದು ಬರುತ್ತಿಲ್ಲ, ಯಾರ್ಯಾರಿಗೆ ಬರುತ್ತಿಲ್ಲ, ಯಾವಾಗಿನಿಂದ, ಪರದೆಯ ಮೇಲೆ ಬಂದ ಅಕ್ಷರ ಏನು. ಕೊನೆಯದಕ್ಕೆ ಫೋಟೋ ಕಳಿಸಲು ಹೇಳಿ. “ಏನೋ ಎರರ್ ಬಂತು ಸಾರ್” ಅನ್ನುವುದು ಲೆಕ್ಕಕ್ಕಿಲ್ಲ.

ಎಷ್ಟು ಜನಕ್ಕೆ ಅನ್ನುವುದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಒಬ್ಬರಿಗೆ ಮಾತ್ರ ಆದರೆ ಆ ಯಂತ್ರ ಅಥವಾ ಅದರ ಕೇಬಲ್. ಒಂದು ಸಾಲಿನವರಿಗೆಲ್ಲ ಆದರೆ ಆ ಸಾಲಿನ ಸ್ವಿಚ್. ಇಡೀ ಕಟ್ಟಡಕ್ಕೆ ಹೊರಗಿನದು ಬಾರದೆ ಒಳಗಿನ ಸರ್ವರ್ ಸಿಗುತ್ತಿದ್ದರೆ ಫೈರ್‌ವಾಲ್, ಇಲ್ಲವೇ ಫೈಬರ್ ಲೈನ್. ಎಲ್ಲರಿಗೂ ಒಂದೇ ಒಂದು ಸೈಟ್ ಬರುತ್ತಿಲ್ಲ ಅಂದರೆ ಕೇಬಲ್ ಮುಟ್ಟಲೇಬೇಡಿ.

“ಏನಾದ್ರೂ ಬದಲಾಯಿಸಿದ್ರಾ?” ಎಂದು ಕೇಳಿದರೆ ಎಲ್ಲರೂ “ಇಲ್ಲ” ಅನ್ನುತ್ತಾರೆ. ಪ್ರಶ್ನೆ ತಿರುಗಿಸಿ: “ನಿನ್ನೆ ಎಲೆಕ್ಟ್ರಿಷಿಯನ್ ಬಂದಿದ್ರಾ? ಸಿಸಿಟಿವಿಯವರು? ಟೇಬಲ್ ಏನಾದ್ರೂ ಸರಿಸಿದ್ರಾ?” ಸಿಸಿಟಿವಿಯವರು ಕೆಲಸ ಮುಗಿಸಿ ಹೋದ ಮರುದಿನ ಬೆಳಿಗ್ಗೆ ಬರುವ ಫೋನ್‌ಗಳಿಗೆ ನನ್ನಲ್ಲಿ ಬೇರೆಯೇ ಲೆಕ್ಕ ಇದೆ. ರೆಕಾರ್ಡರ್‌ಗೆ ಕೈಗೆ ಬಂದ ಐಪಿ ಕೊಟ್ಟು ಹೋಗಿರುತ್ತಾರೆ.

ಎಚ್ಚರಿಕೆ: ಈ ಹಂತದಲ್ಲಿ ರೂಟರ್, ಸ್ವಿಚ್ ಯಾವುದನ್ನೂ ರೀಸ್ಟಾರ್ಟ್ ಮಾಡಬೇಡಿ. ರೀಸ್ಟಾರ್ಟ್ ಮಾಡಿದರೆ ಎಆರ್‌ಪಿ ಪಟ್ಟಿ (ಯಾವ ಐಪಿ ಯಾವ ಯಂತ್ರದ್ದು ಎಂಬ ಪಟ್ಟಿ), ಪೋರ್ಟ್‌ನ ದೋಷದ ಎಣಿಕೆ, ಎಷ್ಟೋ ಸಾಧನಗಳಲ್ಲಿ ಲಾಗ್ ಕೂಡ ಅಳಿಸಿ ಹೋಗುತ್ತದೆ. ನೆಟ್ ವಾಪಸ್ ಬರಬಹುದು, ಆದರೆ ಯಾಕೆ ಹೋಗಿತ್ತು ಅಂತ ಗೊತ್ತಾಗುವುದಿಲ್ಲ, ಮೂರು ದಿನ ಬಿಟ್ಟು ಮತ್ತೆ ಹೋಗುತ್ತದೆ. ಮೇಲಿನವರು ನಿಂತು ಕಾಯುತ್ತಿದ್ದು ಬೇರೆ ದಾರಿ ಇಲ್ಲವೆಂದಾದರೆ, ಕನಿಷ್ಠ ದೀಪಗಳ ವಿಡಿಯೋ ತೆಗೆದು ಲಾಗ್ ಕಾಪಿ ಮಾಡಿಕೊಂಡು ಆಮೇಲೆ ಮಾಡಿ.

ಹಂತ 2: ದೀಪ ಮತ್ತು ಕೇಬಲ್

ಕಂಪ್ಯೂಟರ್ ಹಿಂದಿನ ಪೋರ್ಟ್‌ನ ದೀಪ ಹತ್ತಿದೆಯಾ, ಸ್ವಿಚ್ ಕಡೆಯ ದೀಪ ಹತ್ತಿದೆಯಾ ನೋಡಿ. ಎರಡೂ ಇಲ್ಲ ಅಂದರೆ ಮುಂದೆ ಬರುವ ಯಾವ ಕಮಾಂಡೂ ಉಪಯೋಗಕ್ಕಿಲ್ಲ. ನಿಮ್ಮ ಪ್ಯಾಚ್ ಕಾರ್ಡ್ ಹಾಕಿ ನೋಡಿ, ಆಮೇಲೆ ಸ್ವಿಚ್‌ನಲ್ಲಿ ಬೇರೆ ಪೋರ್ಟ್. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ. ಪೋರ್ಟ್ ಬದಲಿಸುವ ಮೊದಲು ಅದು ಯಾವ ವಿಲ್ಯಾನ್‌ನಲ್ಲಿದೆ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕ್ ಆಗಿ ಒಡೆದ ಭಾಗ) ಎಂದು ನೋಡಿಕೊಳ್ಳಿ. ಬೇರೆ ವಿಲ್ಯಾನ್‌ನ ಪೋರ್ಟ್‌ಗೆ ಹಾಕಿ “ಇದೂ ಕೆಟ್ಟಿದೆ” ಅಂದವರನ್ನು ಕಂಡಿದ್ದೇನೆ.

ದೀಪ ಹತ್ತಿದ ಮಾತ್ರಕ್ಕೆ ಕೇಬಲ್ ಸರಿ ಇದೆ ಅಂತಲ್ಲ. ಲಿಂಕ್‌ನ ವೇಗ ನೋಡಿ. ವಿಂಡೋಸ್‌ನಲ್ಲಿ ಅಡಾಪ್ಟರ್‌ನ ಸ್ಟೇಟಸ್, ಲಿನಕ್ಸ್‌ನಲ್ಲಿ ಈಥ್‌ಟೂಲ್. ಎರಡೂ ಕಡೆ ಗಿಗಾಬಿಟ್ ಇದ್ದೂ 100 ಎಂಬಿಪಿಎಸ್ ತೋರಿಸುತ್ತಿದ್ದರೆ ಸಾಮಾನ್ಯವಾಗಿ ಎಂಟು ತಂತಿಗಳಲ್ಲಿ ಎಲ್ಲೋ ಒಂದು ಕಡಿದಿರುತ್ತದೆ. 100 ಎಂಬಿಪಿಎಸ್‌ಗೆ 1, 2, 3, 6ನೇ ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿ ಹೋದರೆ ನೆಟ್ ಬರುತ್ತಲೇ ಇರುತ್ತದೆ, ಬರೀ ನಿಧಾನ. ಯಾರೂ ಕೇಬಲ್ ಮೇಲೆ ಅನುಮಾನ ಪಡುವುದಿಲ್ಲ.

ಟಿ568ಬಿ ಕ್ರಮ ಬಾಯಿಪಾಠ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ 3 ಮತ್ತು 6ಕ್ಕೆ ಹೋಗುತ್ತದೆ, ಎಡವುವುದು ಅಲ್ಲೇ. “ಎರಡೂ ತುದಿ ಒಂದೇ ಥರ ಇದ್ರೆ ಸಾಕಲ್ವಾ” ಎಂದು ಬಣ್ಣಗಳನ್ನು ಜೋಡಿ ಜೋಡಿಯಾಗಿ ಸಾಲಾಗಿ ಹಾಕಿ ಕ್ರಿಂಪ್ ಮಾಡಿದರೆ ಟೆಸ್ಟರ್‌ನ ಎಂಟೂ ದೀಪ ಸರಿಯಾಗಿ ಹತ್ತುತ್ತವೆ. ಆದರೆ ಹೆಣೆದ ಜೋಡಿ ಒಡೆದಿರುವುದರಿಂದ ಒಂದು ತಂತಿಯ ಸಂಕೇತ ಪಕ್ಕದ್ದಕ್ಕೆ ಸೋರುತ್ತದೆ. ಮೂರು ಮೀಟರ್ ಕೇಬಲ್‌ನಲ್ಲಿ ನಡೆದೀತು. ಅರವತ್ತು ಮೀಟರ್‌ಗೆ ಪ್ಯಾಕೆಟ್‌ಗಳು ಉದುರುತ್ತವೆ. ಒಂದು ಎಳೆಯ ಒಟ್ಟು ಮಿತಿ 100 ಮೀಟರ್, ಪ್ಯಾಚ್ ಕಾರ್ಡ್‌ಗಳೂ ಅದರಲ್ಲೇ ಸೇರಿದವು.

ಮ್ಯಾನೇಜ್ಡ್ ಸ್ವಿಚ್ (ಲಾಗಿನ್ ಆಗಿ ಒಳಗೆ ನೋಡಬಹುದಾದದ್ದು) ಇದ್ದರೆ ಆ ಪೋರ್ಟ್‌ನ ಸಿಆರ್‌ಸಿ ದೋಷದ (ದಾರಿಯಲ್ಲಿ ಕೆಟ್ಟು ಬಂದ ಫ್ರೇಮ್‌ಗಳ) ಎಣಿಕೆ ನೋಡಿ. ಸಂಖ್ಯೆ ದೊಡ್ಡದಿದೆ ಅಂತ ಹೆದರಬೇಡಿ. ಅದು ಹೋದ ವರ್ಷದ್ದಿರಬಹುದು. ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಏರುತ್ತಿದ್ದರೆ ಕೇಬಲ್ಲೋ ಕನೆಕ್ಟರೋ ಹೋಗಿದೆ. ಸಿಆರ್‌ಸಿ ಒಂದು ಕಡೆ, ಲೇಟ್ ಕೊಲಿಜನ್ (ತಡವಾಗಿ ಆದ ಡಿಕ್ಕಿ) ಇನ್ನೊಂದು ಕಡೆ ಏರುತ್ತಿದ್ದರೆ ಡ್ಯೂಪ್ಲೆಕ್ಸ್ (ಕಳಿಸುವುದು, ಪಡೆಯುವುದು ಒಟ್ಟಿಗೋ ಸರದಿಯಲ್ಲೋ ಅನ್ನುವುದು) ಹೊಂದುತ್ತಿಲ್ಲ. ಯಾರೋ ಒಂದು ತುದಿಯನ್ನು ಕೈಯಿಂದ ಫುಲ್ ಡ್ಯೂಪ್ಲೆಕ್ಸ್‌ಗೆ ಕಟ್ಟಿಹಾಕಿ ಇನ್ನೊಂದನ್ನು ಆಟೋದಲ್ಲಿ ಬಿಟ್ಟಿದ್ದಾರೆ. ಎರಡನ್ನೂ ಆಟೋಗೆ ಹಾಕಿ.

ಹಂತ 3: ಐಪಿ ವಿಳಾಸ

ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ /ಆಲ್, ಲಿನಕ್ಸ್‌ನಲ್ಲಿ ಐಪಿ ಎ ಮತ್ತು ಐಪಿ ಆರ್. ನೋಡಬೇಕಾದದ್ದು ಐದು: ಐಪಿ, ಮಾಸ್ಕ್ (ಯಾವ ವಿಳಾಸಗಳು ತನ್ನದೇ ನೆಟ್‌ವರ್ಕ್‌ನವು ಎಂದು ಹೇಳುವ ಅಂಕಿ), ಗೇಟ್‌ವೇ, ಡಿಎನ್‌ಎಸ್, ಡಿಎಚ್‌ಸಿಪಿ ಸರ್ವರ್. ಲಿನಕ್ಸ್‌ನ ಆ ಎರಡು ಕಮಾಂಡ್‌ಗಳು ಕೊನೆಯ ಎರಡನ್ನು ತೋರಿಸುವುದಿಲ್ಲ, ಅವನ್ನು ಬೇರೆಯಾಗಿ ನೋಡಬೇಕು. ಹೆಚ್ಚಿನವರು ಮೊದಲನೆಯದನ್ನು ನೋಡಿ ಮುಚ್ಚಿಬಿಡುತ್ತಾರೆ. ಉತ್ತರ ಎಷ್ಟೋ ಸಲ ಐದನೆಯದರಲ್ಲಿರುತ್ತದೆ.

ಐಪಿ 169.254ರಿಂದ ಶುರುವಾಗಿದ್ದರೆ ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರ ಬಂದಿಲ್ಲ, ಯಂತ್ರ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಒಬ್ಬರಿಗೆ ಹೀಗಾದರೆ ಕೇಬಲ್ ಅಥವಾ ವಿಲ್ಯಾನ್, ಹಲವರಿಗೆ ಆದರೆ ಡಿಎಚ್‌ಸಿಪಿ ಸರ್ವರ್ ನಿಂತಿದೆ ಇಲ್ಲವೇ ಅದರ ಬಳಿ ಕೊಡಲು ವಿಳಾಸ ಖಾಲಿಯಾಗಿದೆ. ಅತಿಥಿಗಳ ಫೋನ್‌ಗಳಿಗೂ ಅದೇ ಶ್ರೇಣಿಯಿಂದ ಎಂಟು ದಿನದ ಲೀಸ್ (ವಿಳಾಸ ಇಟ್ಟುಕೊಳ್ಳುವ ಅವಧಿ) ಕೊಡುತ್ತಿದ್ದರೆ ಖಾಲಿಯಾಗದೆ ಇನ್ನೇನು?

ವಿಳಾಸ ಬಂದಿದೆ, ಆದರೆ ನಿಮ್ಮ ಶ್ರೇಣಿಯದ್ದಲ್ಲ ಅನ್ನುವುದು ಇನ್ನೂ ತಮಾಷೆಯ ಪ್ರಕರಣ. ಒಂದು ಕಾಲೇಜಿನ ಲ್ಯಾಬ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ. ಸೋಮವಾರ ಬೆಳಿಗ್ಗೆ ಅರ್ಧ ಲ್ಯಾಬ್‌ಗೆ ನೆಟ್ ಇಲ್ಲ, ಅರ್ಧಕ್ಕಿದೆ. ಒಂದೇ ಸ್ವಿಚ್, ಒಂದೇ ಸಾಲು, ಒಂದು ಬಿಟ್ಟು ಒಂದು ಕೆಲಸ ಮಾಡುತ್ತಿದೆ. ನಾನು ಸ್ವಿಚ್ ಮೇಲೆ ಒಂದು ಗಂಟೆ ಕಳೆದೆ. ಆಮೇಲೆ ಗಮನಕ್ಕೆ ಬಂತು: ನೆಟ್ ಇದ್ದವು ಶನಿವಾರ ಶಟ್‌ಡೌನ್ ಮಾಡದೆ ಬಿಟ್ಟುಹೋದ ಯಂತ್ರಗಳು. ಬೆಳಿಗ್ಗೆ ಆನ್ ಮಾಡಿದವಕ್ಕೆ ಮಾತ್ರ ಇಲ್ಲ. ಅವುಗಳಲ್ಲಿ ಐಪಿಕಾನ್ಫಿಗ್ /ಆಲ್ ಕೊಟ್ಟರೆ ಡಿಎಚ್‌ಸಿಪಿ ಸರ್ವರ್ 192.168.0.1. ನಮ್ಮದು 10ರಿಂದ ಶುರುವಾಗುವ ಶ್ರೇಣಿ.

ಯಾರೋ ಮನೆಯಿಂದ ಹಳೆಯ ವೈಫೈ ರೂಟರ್ ತಂದು, ಗೋಡೆಯ ವೈರನ್ನು ವ್ಯಾನ್ (ಹೊರಗಿನ ಲೈನಿನ) ಪೋರ್ಟ್ ಬದಲು ಲ್ಯಾನ್ (ಒಳಗಿನ ಯಂತ್ರಗಳ) ಪೋರ್ಟ್‌ಗೆ ಹಾಕಿದ್ದರು. ಈಗ ವಿಳಾಸ ಹಂಚುವವರು ಇಬ್ಬರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯಾರ ಉತ್ತರ ಮೊದಲು ಬಂತೋ ಯಂತ್ರ ಅದನ್ನೇ ಹಿಡಿಯುತ್ತದೆ. ಆನ್ ಇದ್ದ ಯಂತ್ರಗಳು ಲೀಸ್‌ನ ಅರ್ಧ ಅವಧಿ ಕಳೆದಾಗ ತಮ್ಮ ಹಳೆಯ ಸರ್ವರ್‌ನ್ನೇ ನೇರವಾಗಿ ಕೇಳುವುದರಿಂದ ಅವಕ್ಕೆ ಏನೂ ಆಗಿರಲಿಲ್ಲ.

ಕಳ್ಳನನ್ನು ಹಿಡಿಯುವುದು ಸುಲಭ. ತೊಂದರೆಯಾದ ಯಂತ್ರದಿಂದ 192.168.0.1ಕ್ಕೆ ಒಮ್ಮೆ ಪಿಂಗ್ ಮಾಡಿ, ಎಆರ್‌ಪಿ -ಎ ಕೊಡಿ. ಅದರ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಹುಟ್ಟು ಸಂಖ್ಯೆ) ಸಿಗುತ್ತದೆ. ಮೊದಲ ಆರು ಅಂಕಿ-ಅಕ್ಷರಗಳಿಂದ ಯಾವ ಕಂಪನಿಯದ್ದೆಂದು ತಿಳಿಯುತ್ತದೆ. ಸ್ವಿಚ್‌ನ ಮ್ಯಾಕ್ ಪಟ್ಟಿಯಲ್ಲಿ ಆ ವಿಳಾಸ ಯಾವ ಪೋರ್ಟ್‌ನಲ್ಲಿದೆ ನೋಡಿ ಆ ಕೇಬಲ್ ಹಿಡಿದು ನಡೆಯಿರಿ. ನಮ್ಮದು ಅಟೆಂಡರ್ ಟೇಬಲ್ ಕೆಳಗೆ, ಟಿಫನ್ ಬಾಕ್ಸ್ ಪಕ್ಕದಲ್ಲಿ ಸಿಕ್ಕಿತು. ಶಾಶ್ವತ ಪರಿಹಾರ ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ನಂಬಿಕೆಯಿಲ್ಲದ ಪೋರ್ಟ್‌ನಿಂದ ವಿಳಾಸ ಹಂಚುವುದನ್ನು ತಡೆಯುವ ಸೌಲಭ್ಯ) ಆನ್ ಮಾಡುವುದು. ಆನ್ ಮಾಡುವಾಗ ನಿಜವಾದ ಸರ್ವರ್ ಇರುವ ಪೋರ್ಟನ್ನೂ, ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪೋರ್ಟನ್ನೂ ನಂಬಿಕೆಯ ಪೋರ್ಟ್ ಎಂದು ಗುರುತಿಸುವುದನ್ನು ಮರೆತರೆ ಇಡೀ ಕಟ್ಟಡಕ್ಕೆ ವಿಳಾಸ ನಿಲ್ಲುತ್ತದೆ.

ಇನ್ನು ಇಬ್ಬರಿಗೆ ಒಂದೇ ಐಪಿ. ಲಕ್ಷಣ: ಎರಡು ನಿಮಿಷ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅನುಮಾನದ ಯಂತ್ರದ ಕೇಬಲ್ ಕಿತ್ತು ಬೇರೆಡೆಯಿಂದ ಅದೇ ಐಪಿಗೆ ಪಿಂಗ್ ಮಾಡಿ. ಉತ್ತರ ಬಂದರೆ ಇನ್ನೊಬ್ಬ ಇದ್ದಾನೆ.

ಮಾಸ್ಕ್ ತಪ್ಪಿದರೆ ಲಕ್ಷಣ ವಿಚಿತ್ರ. 255.255.255.0 ಇರಬೇಕಾದಲ್ಲಿ 255.255.0.0 ಇದ್ದರೆ ಪಕ್ಕದವರು ಸಿಗುತ್ತಾರೆ, ಇಂಟರ್ನೆಟ್ ಸಿಗುತ್ತದೆ, ಮೇಲಿನ ಮಹಡಿಯ ಸರ್ವರ್ ಮಾತ್ರ ಸಿಗುವುದಿಲ್ಲ. ಅದನ್ನೂ ತನ್ನ ಬೀದಿಯವನೇ ಅಂದುಕೊಂಡು ಯಂತ್ರ ಗೇಟ್‌ವೇಗೆ ಕಳಿಸದೆ ನೇರವಾಗಿ ಕೂಗುತ್ತಿರುತ್ತದೆ.

ಹಂತ 4: ಒಂದೊಂದೇ ಬಾಗಿಲು ತಟ್ಟುತ್ತ ಹೋಗಿ

ಮೊದಲು ಗೇಟ್‌ವೇಗೆ ಪಿಂಗ್. ಆಮೇಲೆ 8.8.8.8 ಅಥವಾ 1.1.1.1ಕ್ಕೆ. ಹೆಸರಿಗೆ ಪಿಂಗ್ ಮಾಡಬೇಡಿ, ಅದು ಮುಂದಿನ ಹಂತ. ಕೈ ಪಳಗಿದ ಮೇಲೆ ನೀವು ಇಲ್ಲಿಂದಲೇ ಶುರು ಮಾಡಬಹುದು: ಗೇಟ್‌ವೇ ಉತ್ತರ ಕೊಟ್ಟರೆ ಹಂತ 2, 3 ಬಹುಮಟ್ಟಿಗೆ ಸರಿ ಇವೆ ಎಂದರ್ಥ.

ಉತ್ತರದ ಮಾತನ್ನು ಓದಿ. “ರಿಕ್ವೆಸ್ಟ್ ಟೈಮ್ಡ್ ಔಟ್” ಎಂದರೆ ಕಳಿಸಿದ್ದಾಯಿತು, ವಾಪಸ್ ಏನೂ ಬರಲಿಲ್ಲ. “ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್” ಎಂದರೆ ಮೊದಲು ಆ ಉತ್ತರ ಯಾವ ಐಪಿಯಿಂದ ಬಂತು ನೋಡಿ. ನಿಮ್ಮದೇ ಐಪಿಯಿಂದ ಬಂದಿದ್ದರೆ ಎಆರ್‌ಪಿಗೇ ಉತ್ತರ ಸಿಕ್ಕಿಲ್ಲ, ಆ ಯಂತ್ರ ನಿಮ್ಮ ಬೀದಿಯಲ್ಲಿ ಇಲ್ಲವೇ ಇಲ್ಲ. ರೂಟರ್‌ನ ಐಪಿಯಿಂದ ಬಂದಿದ್ದರೆ ಅಲ್ಲಿಂದ ಮುಂದೆ ದಾರಿ ಇಲ್ಲ. ವಿಂಡೋಸ್‌ನ ಒಂದು ಮೋಸ ಇಲ್ಲಿದೆ: ಇಂಥ ನಾಲ್ಕು ಅನ್‌ರೀಚಬಲ್ ಉತ್ತರ ಬಂದರೂ ಕೊನೆಯ ಸಾಲಿನಲ್ಲಿ “ಲಾಸ್ 0%” ಎಂದೇ ಬರೆದಿರುತ್ತದೆ. ಕೊನೆಯ ಸಾಲನ್ನಷ್ಟೇ ನೋಡಿ “ಪಿಂಗ್ ಆಗ್ತಿದೆ ಸಾರ್” ಅನ್ನುವವರು ಸಿಕ್ಕಿಬೀಳುವುದು ಇದಕ್ಕೇ.

ಪಿಂಗ್ ಬರದಿದ್ದರೆ ಯಂತ್ರ ಸತ್ತಿದೆ ಅಂತಲೂ ಅಲ್ಲ. ವಿಂಡೋಸ್ ಫೈರ್‌ವಾಲ್ ಹೊರಗಿನಿಂದ ಬರುವ ಪಿಂಗನ್ನು ತಡೆಯುವುದು ಮಾಮೂಲಿ. ಪಿಂಗ್ ಆದ ಕೂಡಲೆ ಎಆರ್‌ಪಿ -ಎ ನೋಡಿ. ಪಟ್ಟಿಯಲ್ಲಿ ಮ್ಯಾಕ್ ಬಂದಿದ್ದರೆ ಯಂತ್ರ ಬದುಕಿದೆ.

ಹೊರಗಿನ ದಾರಿಗೆ ವಿಂಡೋಸ್‌ನಲ್ಲಿ ಟ್ರೇಸರ್ಟ್ -ಡಿ, ಲಿನಕ್ಸ್‌ನಲ್ಲಿ ಎಂಟಿಆರ್ -ಎನ್. ನಡುವಿನ ಸಾಲುಗಳಲ್ಲಿ ನಕ್ಷತ್ರ ಬಂದ ಕೂಡಲೆ ಸೇವಾದಾರರಿಗೆ ಫೋನ್ ಹಚ್ಚಬೇಡಿ. ನಡುವಿನ ರೂಟರ್‌ಗಳು ತಮ್ಮ ಮೂಲಕ ಹೋಗುವ ಪ್ಯಾಕೆಟ್‌ಗಳನ್ನು ದಾಟಿಸುತ್ತವೆ, ತಮಗೇ ಬಂದ ಇಂಥ ವಿಚಾರಣೆಗೆ ಉತ್ತರಿಸಲು ಬೇಸರಿಸುತ್ತವೆ. ಐದನೇ ಸಾಲಿನಲ್ಲಿ 40% ನಷ್ಟ, ಆರರಿಂದ ಮುಂದೆ ಸೊನ್ನೆ ಇದ್ದರೆ ತೊಂದರೆ ಇಲ್ಲ. ಐದರಲ್ಲಿ ಶುರುವಾದ ನಷ್ಟ ಕೊನೆಯ ಸಾಲಿನವರೆಗೂ ಹಾಗೇ ಇಳಿದು ಬಂದರೆ ಮಾತ್ರ ಅದು ನಷ್ಟ. ಹತ್ತು ಪ್ಯಾಕೆಟ್ ನೋಡಿ ತೀರ್ಮಾನಿಸಬೇಡಿ, ನೂರಾದರೂ ಹೋಗಲಿ.

ಹಂತ 5: ಡಿಎನ್‌ಎಸ್

8.8.8.8 ಸಿಗುತ್ತದೆ, ಹೆಸರು ಕೊಟ್ಟರೆ ಸಿಗುವುದಿಲ್ಲ: ಡಿಎನ್‌ಎಸ್. ಎನ್‌ಎಸ್‌ಲುಕಪ್‌ಗೆ (ಹೆಸರಿನ ಐಪಿ ಕೇಳುವ ಕಮಾಂಡ್) ಹೆಸರೊಂದನ್ನೇ ಕೊಟ್ಟು ಒಮ್ಮೆ ಕೇಳಿ, ಅದೇ ಹೆಸರಿನ ನಂತರ 8.8.8.8 ಬರೆದು ಇನ್ನೊಮ್ಮೆ ಕೇಳಿ. ಎರಡನೆಯದಕ್ಕೆ ಮಾತ್ರ ಉತ್ತರ ಬಂದರೆ ನಿಮ್ಮ ಡಿಎನ್‌ಎಸ್ ಸರ್ವರ್‌ನಲ್ಲಿ ದೋಷ.

ಉತ್ತರದ ಬಗೆ ಮೂರು. ಎನ್‌ಎಕ್ಸ್‌ಡೊಮೇನ್ ಎಂದರೆ ಸರ್ವರ್ ಚೆನ್ನಾಗಿದೆ, ಆ ಹೆಸರೇ ಇಲ್ಲ ಅನ್ನುತ್ತಿದೆ. ಮೊದಲು ಅಕ್ಷರ ತಪ್ಪಿದೆಯಾ ನೋಡಿ. ಸರ್ವ್‌ಫೇಲ್ ಎಂದರೆ ಸರ್ವರ್‌ಗೆ ಕೇಳಿಸಿದೆ, ಆದರೆ ಉತ್ತರ ಹುಡುಕಿ ತರಲು ಆಗಲಿಲ್ಲ. ಟೈಮ್‌ಔಟ್ ಎಂದರೆ ಸರ್ವರ್ ತಲುಪಲೇ ಇಲ್ಲ, ಮತ್ತೆ ಹಂತ 4ಕ್ಕೆ ಹೋಗಿ.

ಇಲ್ಲಿ ನಡೆಯುವ ದೊಡ್ಡ ತಪ್ಪು ಒಂದಿದೆ. ಆಕ್ಟಿವ್ ಡೈರೆಕ್ಟರಿ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವಿಂಡೋಸ್ ವ್ಯವಸ್ಥೆ) ಇರುವ ಆಫೀಸಿನಲ್ಲಿ “ಇರಲಿ, ಸೇಫ್ಟಿಗೆ” ಎಂದು ಎರಡನೇ ಡಿಎನ್‌ಎಸ್ ಆಗಿ 8.8.8.8 ಹಾಕುವುದು. ಒಳಗಿನ ಸರ್ವರ್ ಒಂದು ಕ್ಷಣ ತಡಮಾಡಿದರೆ ವಿಂಡೋಸ್ ಹೊರಗಿನದನ್ನು ಕೇಳುತ್ತದೆ, ಅದಕ್ಕೆ ನಿಮ್ಮ ಒಳಗಿನ ಹೆಸರುಗಳು ಗೊತ್ತಿಲ್ಲ, “ಇಲ್ಲ” ಅನ್ನುತ್ತದೆ, ವಿಂಡೋಸ್ ಅದನ್ನು ನಂಬಿ ಕೂರುತ್ತದೆ. ವಾರಕ್ಕೆರಡು ಸಲ ಫೈಲ್ ಸರ್ವರ್ ಕಾಣೆಯಾಗಿ ಹತ್ತು ನಿಮಿಷದಲ್ಲಿ ತಾನೇ ವಾಪಸ್ ಬರುವ ಆಫೀಸುಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಯಂತ್ರಗಳಿಗೆ ಒಳಗಿನ ಡಿಎನ್‌ಎಸ್ ಮಾತ್ರ ಇರಲಿ. ಹೊರಗಿನ ಹೆಸರುಗಳನ್ನು ಆ ಸರ್ವರ್ ಫಾರ್ವರ್ಡ್ ಮಾಡಲಿ.

ಹೋಸ್ಟ್ಸ್ ಫೈಲನ್ನೂ (ಯಂತ್ರದೊಳಗೇ ಇರುವ ಹೆಸರು-ಐಪಿ ಪಟ್ಟಿ) ಒಮ್ಮೆ ತೆರೆದು ನೋಡಿ. ಯಾರೋ ಪರೀಕ್ಷೆಗೆಂದು ಬರೆದ ಒಂದು ಸಾಲು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಬ್ರೌಸರ್ ಒಂದು ಹೇಳಿ ಎನ್‌ಎಸ್‌ಲುಕಪ್ ಇನ್ನೊಂದು ಹೇಳಿದರೆ, ಬ್ರೌಸರ್ ತನ್ನದೇ ಎನ್‌ಕ್ರಿಪ್ಟೆಡ್ ಡಿಎನ್‌ಎಸ್ ಬಳಸುತ್ತಿದೆಯೇ ನೋಡಿ. ಕೊನೆಗೆ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್. ಮೊದಲಿಗಲ್ಲ, ಕೊನೆಗೆ.

ಹಂತ 6: ಪೋರ್ಟ್

ಇಲ್ಲಿ ಪೋರ್ಟ್ ಎಂದರೆ ಕೇಬಲ್ ಚುಚ್ಚುವ ತೂತಲ್ಲ, ಸರ್ವರ್‌ನಲ್ಲಿ ಒಂದೊಂದು ಸರ್ವಿಸ್ ಕೇಳಿಸಿಕೊಳ್ಳುವ ಬಾಗಿಲಿನ ಸಂಖ್ಯೆ. ಪಿಂಗ್ ಇದೆ, ಹೆಸರು ಸಿಗುತ್ತದೆ, ಅಪ್ಲಿಕೇಶನ್ ಬರುತ್ತಿಲ್ಲ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್, ಲಿನಕ್ಸ್‌ನಲ್ಲಿ ಎನ್‌ಸಿ -ಝಡ್‌ವಿ ಬಳಸಿ ಆ ಪೋರ್ಟನ್ನೇ ತಟ್ಟಿ. “ರಿಫ್ಯೂಸ್ಡ್” ಎಂದು ಥಟ್ಟನೆ ಬಂದರೆ ಪ್ಯಾಕೆಟ್ ಸರ್ವರ್‌ವರೆಗೆ ಹೋಗಿದೆ, ಅಲ್ಲಿ ಬಾಗಿಲು ತೆರೆದವರಿಲ್ಲ: ಸರ್ವಿಸ್ ನಿಂತಿದೆ, ಪೋರ್ಟ್ ಬೇರೆ, ಅಪರೂಪಕ್ಕೆ ಫೈರ್‌ವಾಲ್ ಕೂಡ ಹೀಗೆ ಹೇಳಿ ಕಳಿಸುತ್ತದೆ. ಬಹಳ ಹೊತ್ತು ಸುಮ್ಮನಿದ್ದು ಟೈಮ್‌ಔಟ್ ಆದರೆ ದಾರಿಯಲ್ಲಿ ಯಾರೋ ಸದ್ದಿಲ್ಲದೆ ಬಿಸಾಡುತ್ತಿದ್ದಾರೆ. ಫೈರ್‌ವಾಲ್ ನೋಡಿ.

ಸರ್ವರ್‌ನಲ್ಲಿ ಕೂತು ಎಸ್‌ಎಸ್ -ಟಿಎಲ್‌ಎನ್‌ಪಿ ಕೊಡಿ. ಸರ್ವಿಸ್ 127.0.0.1ರಲ್ಲಿ (ಯಂತ್ರ ತನ್ನನ್ನು ತಾನೇ ಕರೆಯುವ ವಿಳಾಸ) ಮಾತ್ರ ಕೇಳಿಸಿಕೊಳ್ಳುತ್ತಿದ್ದರೆ ಸರ್ವರ್ ಒಳಗಿಂದ ಎಲ್ಲ ಚೆಂದ, ಹೊರಗಿಂದ ಬರೀ ರಿಫ್ಯೂಸ್ಡ್. ಡೇಟಾಬೇಸ್ ಹೊಸದಾಗಿ ಹಾಕಿದ ದಿನ ಇದು ಆಗದಿದ್ದರೆ ಆಶ್ಚರ್ಯ.

ಸರ್ಟಿಫಿಕೇಟ್ ದೋಷವೋ ಡೊಮೇನ್ ಲಾಗಿನ್ ದೋಷವೋ ಬಂದರೆ ಗಡಿಯಾರ ನೋಡಿ. ಆಕ್ಟಿವ್ ಡೈರೆಕ್ಟರಿಯಲ್ಲಿ ಲಾಗಿನ್ ಪರೀಕ್ಷಿಸುವ ಕೆರ್ಬರೋಸ್ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಒಪ್ಪುವುದಿಲ್ಲ. ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಸತ್ತ ಹಳೆಯ ಯಂತ್ರ ಪ್ರತಿ ಬೆಳಿಗ್ಗೆ “ನೆಟ್ ಇಲ್ಲ” ಅನ್ನುತ್ತದೆ.

ಹಂತ 7: ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ

ಮೇಲಿನ ಎಲ್ಲ ಹಂತ ಪಾಸಾಗಿಯೂ ದೂರು ನಿಲ್ಲದಿದ್ದರೆ ಮೂರು ಸಂಗತಿ ನೋಡಬೇಕು.

ಲೂಪ್. ಸ್ವಿಚ್‌ನ ಎಲ್ಲ ದೀಪಗಳೂ ಒಟ್ಟಿಗೆ, ಒಂದೇ ತಾಳದಲ್ಲಿ ಹುಚ್ಚು ಹಿಡಿದ ಹಾಗೆ ಮಿಣುಕುತ್ತಿದ್ದರೆ ಇದೇ. ಟೇಬಲ್ ಮೇಲೆ ತುದಿ ನೇತಾಡುತ್ತಿದ್ದ ಕೇಬಲನ್ನು ಕಸ ಗುಡಿಸಿದವರು ಪಾಪ ಒಳ್ಳೆಯ ಮನಸ್ಸಿನಿಂದ ಹತ್ತಿರದ ಖಾಲಿ ತೂತಿಗೆ ಚುಚ್ಚಿರುತ್ತಾರೆ. ಒಂದೇ ಕೇಬಲ್‌ನ ಎರಡೂ ತುದಿ ಒಂದೇ ಸ್ವಿಚ್‌ಗೆ ಹೋಗಿರುತ್ತದೆ. ಐಪಿ ಫೋನಿನ ಎರಡು ಪೋರ್ಟನ್ನೂ ಗೋಡೆಗೆ ಹಾಕಿದರೂ ಇದೇ ಕತೆ. ಬ್ರಾಡ್‌ಕಾಸ್ಟ್ (ಎಲ್ಲರಿಗೂ ಎಂದು ಕಳಿಸಿದ) ಪ್ಯಾಕೆಟ್‌ಗಳು ಸುತ್ತುತ್ತಲೇ ಇರುತ್ತವೆ, ಈಥರ್ನೆಟ್ ಫ್ರೇಮ್‌ಗೆ ಆಯುಷ್ಯದ ಎಣಿಕೆ ಇಲ್ಲ. ಮುಖ್ಯ ಸ್ವಿಚ್ ಬಳಿ ನಿಂತು ಮಹಡಿಗಳಿಗೆ ಹೋಗುವ ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ದೀಪ ಶಾಂತವಾಯಿತೋ ಆ ಮಹಡಿಗೆ ಹೋಗಿ ಅಲ್ಲೂ ಹೀಗೇ ಮಾಡಿ. ಆಮೇಲೆ ಸ್ಪ್ಯಾನಿಂಗ್ ಟ್ರೀ (ಲೂಪನ್ನು ತಾನೇ ಕಂಡುಹಿಡಿದು ಮುಚ್ಚುವ ಸೌಲಭ್ಯ) ಆನ್ ಇದೆಯಾ ನೋಡಿ, ಬಳಕೆದಾರರ ಪೋರ್ಟ್‌ಗಳಿಗೆ ಬಿಪಿಡಿಯು ಗಾರ್ಡ್ (ಅಲ್ಲಿ ಸ್ವಿಚ್ಚಿನ ಸಂದೇಶ ಬಂದರೆ ಪೋರ್ಟ್ ಮುಚ್ಚುವುದು) ಹಾಕಿ.

ಎಂಟಿಯು, ಅಂದರೆ ದಾರಿಯಲ್ಲಿ ದಾಟಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ. ಇದನ್ನು ಕಲಿಯಲು ನನಗೆ ಎರಡು ದಿನ ಹಿಡಿಯಿತು, ನಿಮಗೆ ಹತ್ತು ನಿಮಿಷ ಸಾಕು. ಒಂದು ಶಾಖಾ ಕಚೇರಿಯಿಂದ ಪಿಂಗ್ ಇದೆ, ಎಸ್‌ಎಸ್‌ಎಚ್‌ನಿಂದ (ದೂರದಿಂದ ಸರ್ವರ್‌ಗೆ ಹೋಗುವ ದಾರಿ) ಲಾಗಿನ್ ಆಗುತ್ತದೆ, ಆದರೆ ಉದ್ದದ ಫೈಲ್ ಪಟ್ಟಿ ಕೇಳಿದ ಕೂಡಲೆ ಪರದೆ ಕಲ್ಲಾಗುತ್ತದೆ. ಕೆಲವು ಸೈಟ್ ತೆರೆಯುತ್ತವೆ, ಕೆಲವು ಸುತ್ತುತ್ತಲೇ ಇರುತ್ತವೆ. ಸಣ್ಣ ಪ್ಯಾಕೆಟ್ ದಾಟುತ್ತದೆ, ದೊಡ್ಡದು ದಾಟುವುದಿಲ್ಲ.

ಈಥರ್ನೆಟ್‌ನ ಮಿತಿ 1500 ಬೈಟ್. ಫೈಬರ್ ಲೈನ್‌ಗೆ ಯೂಸರ್‌ನೇಮ್ ಪಾಸ್‌ವರ್ಡ್ ಹಾಕುವ ಪಿಪಿಪಿಒಇ ಇದ್ದರೆ 8 ಬೈಟ್ ಅದಕ್ಕೇ ಹೋಗಿ ಸಾಮಾನ್ಯವಾಗಿ 1492 ಉಳಿಯುತ್ತದೆ. ಮೇಲೆ ವಿಪಿಎನ್ ಇದ್ದರೆ ಇನ್ನೂ ಕಡಿಮೆ. ವಿಂಡೋಸ್‌ನಲ್ಲಿ ಪಿಂಗ್ -ಎಫ್ -ಎಲ್ 1472, ಲಿನಕ್ಸ್‌ನಲ್ಲಿ ಪಿಂಗ್ -ಎಂ ಡು -ಎಸ್ 1472 ಕೊಡಿ. 1472ಕ್ಕೆ ತಲೆಬರಹದ 28 ಸೇರಿ 1500. ಒಡೆಯಬೇಡ ಎಂದು ಹೇಳಿ ಕಳಿಸಿದ ಈ ಪ್ಯಾಕೆಟ್‌ಗೆ “ತುಂಡು ಮಾಡಬೇಕಿತ್ತು” ಎಂಬ ಉತ್ತರ ಬಂದರೆ ವ್ಯವಸ್ಥೆ ಆರೋಗ್ಯವಾಗಿದೆ, ಕಳಿಸುವವನು ತಾನೇ ಚಿಕ್ಕದು ಮಾಡಿಕೊಳ್ಳುತ್ತಾನೆ. ಏನೂ ಉತ್ತರವಿಲ್ಲದೆ ಟೈಮ್‌ಔಟ್ ಆಗಿ, 1400ಕ್ಕೆ ಮಾತ್ರ ಉತ್ತರ ಬಂದರೆ, ದಾರಿಯ ಯಾವುದೋ ಫೈರ್‌ವಾಲ್ ಐಸಿಎಂಪಿಯನ್ನೆಲ್ಲ (ಪಿಂಗ್ ಮತ್ತು ಇಂಥ ದೋಷದ ಸಂದೇಶಗಳು ಬರುವ ಬಗೆ) ತಡೆದು ಆ ಸಂದೇಶವನ್ನೂ ನುಂಗುತ್ತಿದೆ. 1400ಕ್ಕೂ 1472ಕ್ಕೂ ನಡುವೆ ಅರ್ಧರ್ಧ ಮಾಡುತ್ತ ಹೋದರೆ ಏಳೆಂಟು ಪಿಂಗ್‌ನಲ್ಲಿ ನಿಜವಾದ ಅಂಕಿ ಸಿಗುತ್ತದೆ. 1464ಕ್ಕೆ ಬಂದು 1465ಕ್ಕೆ ಬರದಿದ್ದರೆ 1492. ರೂಟರ್‌ನಲ್ಲಿ ಟಿಸಿಪಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್‌ನೊಳಗಿನ ಡೇಟಾದ ಗಾತ್ರಕ್ಕೆ ಮಿತಿ ಹಾಕುವುದು) ಹುಡುಕಿ ಎಂಟಿಯುಗಿಂತ 40 ಕಡಿಮೆ, ಅಂದರೆ 1452 ಹಾಕಿ. ಐಸಿಎಂಪಿ ಅಪಾಯ ಎಂದು ಎಲ್ಲವನ್ನೂ ತಡೆಯುವ ಚಾಳಿ ಬಿಡಬೇಕು.

ವೈಫೈ. ಅದೇ ಜಾಗದಲ್ಲಿ ಕೇಬಲ್ ಹಾಕಿ ನೋಡಿ. ಕೇಬಲ್‌ನಲ್ಲಿ ಸರಿ ಇದ್ದರೆ ರೇಡಿಯೋ ಸಮಸ್ಯೆ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಚಾನೆಲ್‌ಗಳಷ್ಟೇ ಒಂದರ ಮೇಲೊಂದು ಬೀಳವು; 3, 4, 8 ಹಾಕಿ ಜಾಣತನ ತೋರಿಸಬೇಡಿ. ಸಂಕೇತ ಮೈನಸ್ 67 ಡಿಬಿಎಂ ಸುತ್ತ ಇದ್ದರೆ ಕರೆಗಳಿಗೂ ಸಾಕು, ಮೈನಸ್ 80ಕ್ಕೆ ಇಳಿದರೆ ಪರದಾಟ.

ಹಂತ 8: ಪ್ಯಾಕೆಟ್ ಹಿಡಿಯುವುದು

ಇಲ್ಲಿಗೆ ಬರುವುದು ಅಪರೂಪ, ಬಂದರೆ ಎರಡೂ ತುದಿಯಲ್ಲಿ ಒಟ್ಟಿಗೆ ಹಿಡಿಯಿರಿ: ಬಳಕೆದಾರನ ಕಡೆ ವೈರ್‌ಶಾರ್ಕ್, ಸರ್ವರ್ ಕಡೆ ಟಿಸಿಪಿಡಂಪ್. ಒಂದೇ ತುದಿಯ ಚಿತ್ರದಿಂದ ಪ್ಯಾಕೆಟ್ ಹೋಗುವಾಗ ಕಳೆಯಿತೋ ಬರುವಾಗ ಕಳೆಯಿತೋ ತಿಳಿಯುವುದಿಲ್ಲ. ಎಲ್ಲವನ್ನೂ ಹಿಡಿದರೆ ಲಕ್ಷ ಸಾಲು ಬರುತ್ತದೆ. ಆ ಎರಡು ಐಪಿ, ಆ ಒಂದು ಪೋರ್ಟ್ ಎಂದು ಮೊದಲೇ ಸೋಸಿ.

ಮೂರು ಚಿತ್ರ ಗುರುತಿಸಲು ಕಲಿತರೆ ಸಾಕು. ಸಿನ್ ಎಂದರೆ “ಮಾತಾಡೋಣವೇ?”, ಸಿನ್-ಆಕ್ ಎಂದರೆ “ಸರಿ”, ಆಕ್ ಎಂದರೆ “ತಲುಪಿತು”, ಆರ್‌ಎಸ್‌ಟಿ ಎಂದರೆ “ಆಗಲ್ಲ, ಹೋಗು”, ರೀಟ್ರಾನ್ಸ್‌ಮಿಷನ್ ಎಂದರೆ ಅದನ್ನೇ ಮತ್ತೆ ಕಳಿಸುವುದು. ಸಿನ್ ಹೋಗುತ್ತಿದೆ, ಮತ್ತೆ ಸಿನ್, ಮತ್ತೆ ಸಿನ್, ಉತ್ತರವಿಲ್ಲ: ದಾರಿಯಲ್ಲಿ ತಡೆ, ಅಥವಾ ವಾಪಸ್ ಬರುವ ದಾರಿ ತಪ್ಪಿದೆ. ಸಿನ್ ಹೋಯಿತು, ಆರ್‌ಎಸ್‌ಟಿ ಬಂತು: ಆ ಪೋರ್ಟ್‌ನಲ್ಲಿ ಯಾರೂ ಇಲ್ಲ. ಸಿನ್, ಸಿನ್-ಆಕ್, ಆಕ್ ಮೂರೂ ಆಗಿ, ದೊಡ್ಡ ಪ್ಯಾಕೆಟ್ ಬಂದಲ್ಲಿ ರೀಟ್ರಾನ್ಸ್‌ಮಿಷನ್ ಸಾಲುಗಟ್ಟಿತು: ಮತ್ತೆ ಎಂಟಿಯು. ಎಲ್ಲ ಸರಿ ಇದ್ದು ಸರ್ವರ್ ಉತ್ತರ ಕೊಡಲು ನಾಲ್ಕು ಸೆಕೆಂಡ್ ತೆಗೆದುಕೊಂಡರೆ ಆ ಚಿತ್ರವನ್ನು ಅಪ್ಲಿಕೇಶನ್‌ನವರಿಗೆ ಕಳಿಸಿ. “ನೆಟ್‌ವರ್ಕ್ ಸ್ಲೋ” ಅನ್ನುವ ಅವರ ಮಾತಿಗೆ ಅದೇ ಉತ್ತರ.

ಹಂತ 9: ಸರಿಪಡಿಸುವುದು

ಒಂದು ಸಲಕ್ಕೆ ಒಂದೇ ಬದಲಾವಣೆ. ಫಲ ಕೊಡದಿದ್ದರೆ ಅದನ್ನು ಹಿಂದಕ್ಕೆ ತೆಗೆದು ಮುಂದಿನದಕ್ಕೆ ಹೋಗಿ. ಬದಲಿಸುವ ಮೊದಲು ಕಾನ್ಫಿಗ್‌ನ ಪ್ರತಿ ಇಟ್ಟುಕೊಳ್ಳಿ.

ದೂರದಿಂದ ಫೈರ್‌ವಾಲ್ ಅಥವಾ ರೂಟರ್ ಮುಟ್ಟುವಾಗ ನೀವು ಕೂತ ಕೊಂಬೆಯನ್ನೇ ಕಡಿಯುತ್ತಿರಬಹುದು. ಸಿಸ್ಕೋ ಸಾಧನವಾದರೆ ಮೊದಲು ಈಗಿನ ಕಾನ್ಫಿಗ್ ಸೇವ್ ಮಾಡಿ, ರೀಲೋಡ್ ಇನ್ 10 ಕೊಟ್ಟು ಆಮೇಲೆ ಕೈ ಹಾಕಿ. ಸಂಪರ್ಕ ತಪ್ಪಿದರೂ ಹತ್ತು ನಿಮಿಷದಲ್ಲಿ ಅದು ತಾನೇ ಮೊದಲಿನ ಸ್ಥಿತಿಗೆ ಬರುತ್ತದೆ. ಎಲ್ಲ ಸರಿಯಾದರೆ ರೀಲೋಡ್ ಕ್ಯಾನ್ಸಲ್ ಕೊಟ್ಟು ಸೇವ್ ಮಾಡಿ. ಕ್ಯಾನ್ಸಲ್ ಮರೆತು ಚಹಾ ಕುಡಿಯಲು ಹೋದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಸೇವ್ ಮರೆತರೆ ಮುಂದಿನ ಕರೆಂಟ್ ಹೋದ ದಿನ ದೋಷ ವಾಪಸ್ ಬರುತ್ತದೆ.

ಸರಿಯಾಯಿತು ಎಂದು ನೀವು ಹೇಳಬಾರದು, ದೂರು ಕೊಟ್ಟವರು ಅವರದೇ ಕೆಲಸ ಮಾಡಿ ನೋಡಿ ಹೇಳಬೇಕು. ಆಮೇಲೆ ನಾಲ್ಕು ಸಾಲು ಬರೆದಿಡಿ: ಲಕ್ಷಣ, ಕಾರಣ, ಮಾಡಿದ್ದು, ದಿನಾಂಕ. ಕೇಬಲ್‌ಗೆ ಎರಡೂ ತುದಿಯಲ್ಲಿ ಲೇಬಲ್ ಅಂಟಿಸಿ.

ಕೈ ಪಳಗಿಸಲು ಬೇಕಂತಲೇ ಕೆಡಿಸಿ

ದೋಷ ಬರುವವರೆಗೆ ಕಾದರೆ ಕಲಿಯಲು ವರ್ಷಗಳು ಬೇಕು. ಹಳೆಯ ಎರಡು ಕಂಪ್ಯೂಟರ್ ಮತ್ತು ಒಂದು ರೂಟರ್ ಸಾಕು. ಅದೂ ಇಲ್ಲದಿದ್ದರೆ ವರ್ಚುವಲ್‌ಬಾಕ್ಸ್‌ನಲ್ಲಿ ಮೂರು ಲಿನಕ್ಸ್ ಯಂತ್ರ ಎಬ್ಬಿಸಿ, ನಡುವಿನದನ್ನು ರೂಟರ್ ಮಾಡಿ. ಟಿಸಿ ನೆಟ್‌ಎಮ್‌ನಿಂದ (ಬೇಕಂತಲೇ ನೆಟ್ ಕೆಡಿಸುವ ಲಿನಕ್ಸ್ ಕಮಾಂಡ್) 200 ಮಿಲಿಸೆಕೆಂಡ್ ವಿಳಂಬ, 5% ನಷ್ಟ ಸೇರಿಸಿ ಎಂಟಿಆರ್ ಹೇಗೆ ಕಾಣುತ್ತದೆ ನೋಡಿ. ಆಮೇಲೆ ಗೆಳೆಯನೊಬ್ಬನನ್ನು ಕೂರಿಸಿ ನೀವು ಹೊರಗೆ ಹೋಗಿ. ಅವನು ಒಂದೇ ಒಂದನ್ನು ಕೆಡಿಸಲಿ: ಮಾಸ್ಕ್ ಬದಲಿಸಲಿ, ಗೇಟ್‌ವೇ ಅಳಿಸಲಿ, ಎಂಟಿಯು 1300 ಮಾಡಲಿ, ಹೋಸ್ಟ್ಸ್ ಫೈಲ್‌ಗೆ ಒಂದು ಸಾಲು ಸೇರಿಸಲಿ. ನೀವು ಒಳಗೆ ಬಂದು ಬರೀ ನೋಡುವ ಕಮಾಂಡ್‌ಗಳಿಂದ, ಏನನ್ನೂ ಬದಲಿಸದೆ, ಅವನು ಮಾಡಿದ್ದೇನೆಂದು ಹೇಳಬೇಕು. ಹೇಳುವ ತನಕ ಅವನು ಬಾಯಿ ಬಿಡುವಂತಿಲ್ಲ.